ಕವಚರಾಯನ ಕೊನೆಯ ಪುಟ

ಆಗಲೇ ಎರಡು ಸಲ ಗಡಿಯಾರ ನೋಡಿಕೊಂಡ ಈ ಸಭೆಯ ಅಧ್ಯಕ್ಷರೂ ನಮ್ಮ ವಾರಪತ್ರಿಕೆಯ ಸಂಪಾದಕರೂ ಆದ ಹಿರಿಯರೇ, ನಮ್ಮ ಚಿತ್ರಕಥೆಯನ್ನು ನಿನ್ನೆಯಷ್ಟೇ ಮೊದಲ ಸಲ ಓದಿದೆನೆಂದು ಧೈರ್ಯವಾಗಿ ಒಪ್ಪಿಕೊಂಡ ಮುಖ್ಯ ಅತಿಥಿಗಳೇ, ಹೂಗುಚ್ಛವನ್ನು ಎಲ್ಲಿಡಬೇಕೆಂದು ತಿಳಿಯದೆ ಮಗುವಿನಂತೆ ತೊಡೆಯ ಮೇಲೆ ಕೂರಿಸಿಕೊಂಡಿರುವ ಇಂದಿನ ಸನ್ಮಾನಿತ ಲೇಖಕರೇ, ಅಂದರೆ ನನ್ನ ತಮ್ಮನೇ, ಮತ್ತು ಸಭಿಕರೇ,

ತಮ್ಮನ ಬೀಳ್ಕೊಡುಗೆಯಲ್ಲಿ ನಾಲ್ಕು ಒಳ್ಳೆಯ ಮಾತು ಆಡಬೇಕೆಂದು ಸಂಪಾದಕರು ಕೇಳಿಕೊಂಡರು. ನಾಲ್ಕು ಸ್ವಲ್ಪ ಹೆಚ್ಚಾಯಿತು, ಎರಡಾದರೆ ಹೇಗಾದರೂ ಹೊಂದಿಸುತ್ತೇನೆ ಎಂದೆ. ಅವರು ನಕ್ಕರು. ನಾನು ನಗಲಿಲ್ಲ. ಯಾಕೆಂದರೆ ನಮ್ಮ ಚಿತ್ರಕಥೆಯನ್ನು ಬರೆಯುವವನು ಅವನು, ಬಿಡಿಸುವವಳು ನಾನು. ಇದರಲ್ಲಿ ಸುಖ ಯಾರಿಗೆ ಎಂದು ನಿಮಗೆ ಗೊತ್ತೇ? ಅವನು ಮಂಚದ ಮೇಲೆ ಉರುಳಿಕೊಂಡು ‘ಕವಚರಾಯ ಹತ್ತು ಸಾವಿರ ಸೈನಿಕರೊಂದಿಗೆ ಸೇತುವೆ ದಾಟುತ್ತಾನೆ’ ಎಂದು ಒಂದು ಸಾಲು ಗೀಚಿ ಚಹಾ ಕುಡಿಯಲು ಹೋಗುತ್ತಾನೆ. ಆ ಸೈನಿಕರ ಕಾಲು ಬಿಡಿಸುವವರು ಯಾರು? ಕಾಲಿಗೆ ಬೂಟು ಹಾಕುವವರು ಯಾರು? ಕುತ್ತಿಗೆ ಹಿಡಿದುಕೊಂಡರೂ ಬಿಡದೆ ನಾನು ಅಷ್ಟನ್ನೂ ಬಿಡಿಸಿ ಮುಗಿಸಿದರೆ ಮುಂದಿನ ಚೌಕದಲ್ಲಿ ‘ಸೇತುವೆ ಕುಸಿಯುತ್ತದೆ, ಎಲ್ಲರೂ ನೀರುಪಾಲು’ ಎಂದಿರುತ್ತದೆ. ಅದನ್ನು ಮೊದಲೇ ಕೆಡವಲು ನಿನಗೇನು ಧಾಡಿ ಎಂದು ಕೇಳಿದರೆ, ಕಥೆ ಹಾಗೇ ಬಂತಕ್ಕ ಎನ್ನುತ್ತಾನೆ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ಕವಚರಾಯ ನಮ್ಮ ಕಥೆಯ ಖಳ. ತಲೆಯಿಂದ ಕಾಲಿನವರೆಗೆ ಸೀಸದ ಕವಚ, ಎದೆಯಲ್ಲಿ ಕಿರಣ ಬಿಡುವ ಯಂತ್ರ, ಹೆಗಲ ಮೇಲೆ ಫಿರಂಗಿ. ಅವನ ಮುಖವನ್ನು ಯಾರೂ ಕಂಡಿಲ್ಲ. ಪ್ರತಿ ವಾರ ಊರು ಹಿಡಿಯಲು ಬರುತ್ತಾನೆ, ಪ್ರತಿ ವಾರ ನಾಯಕನ ಕೈಯಲ್ಲಿ ಸೋತು ಹೋಗುತ್ತಾನೆ. ಆದರೂ ಓದುಗರು ಕಾಯುವುದು ಅವನಿಗೇ. ನಾಯಕ ಸುಂದರ, ಸತ್ಯವಂತ, ಅವನ ಕೂದಲು ಬಿರುಗಾಳಿಯಲ್ಲೂ ಕೆದರುವುದಿಲ್ಲ. ಅವನನ್ನು ಬಿಡಿಸುವಾಗ ನನಗೇ ಆಕಳಿಕೆ ಬರುತ್ತದೆ. ಅದೇ ಕವಚರಾಯ ಬಾಗಿಲಲ್ಲಿ ನಿಂತು ‘ಬರ್ತೀಯಾ, ಇಲ್ಲ ನಾನೇ ಬರಲಾ?’ ಎಂದರೆ? ಕಿರಣ ಬಿಡುವ ಮುನ್ನ ‘ಅಲ್ಲಾಡಬೇಡ. ಉಸಿರು ಬಿಗಿಹಿಡಿ’ ಎಂದರೆ? ಇಂಥ ಮಾತು ಹುಟ್ಟಬೇಕಾದರೆ ಲೇಖಕನಿಗೆ ಅಪಾರ ಕಲ್ಪನಾಶಕ್ತಿ ಬೇಕು ಎಂದು ಮುಖ್ಯ ಅತಿಥಿಗಳು ಈಗಷ್ಟೇ ಹೊಗಳಿದರು. ನನ್ನ ತಮ್ಮ ತಲೆ ತಗ್ಗಿಸಿ ವಿನಯದಿಂದ ಮುಗುಳ್ನಕ್ಕ. ಕಲ್ಪನಾಶಕ್ತಿಯಂತೆ, ಮಣ್ಣಂತೆ! ಸ್ವಾಮೀ, ಅವು ನಮ್ಮ ಅಮ್ಮನ ಮಾತುಗಳು.

ಇದನ್ನು ಹೇಳಬೇಕೆಂದು ನಾನು ಬಂದಿರಲಿಲ್ಲ. ಬಾಯಿಂದ ಬಂದಾಯಿತು, ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ನಮ್ಮ ಅಮ್ಮ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಕೆಲಸಕ್ಕಿದ್ದಳು. ಶಾಲೆ ಬಿಟ್ಟ ಮೇಲೆ ಅವಳ ಪಾಳಿ ಮುಗಿಯುವವರೆಗೆ ನಾವಿಬ್ಬರೂ ಕಾರಿಡಾರಿನ ಬೆಂಚಿನ ಮೇಲೆ ಕೂತಿರಬೇಕು. ಬಾಗಿಲ ಮೇಲೆ ಕೆಂಪು ದೀಪ. ಅದು ಹೊತ್ತಿದರೆ ಯಾರೂ ಒಳಗೆ ಹೋಗುವಂತಿಲ್ಲ. ಒಳಗಿನಿಂದ ಅಮ್ಮನ ಧ್ವನಿ ಮಾತ್ರ ಕೇಳುತ್ತದೆ: ಅಲ್ಲಾಡಬೇಡಿ, ಉಸಿರು ಬಿಗಿಹಿಡೀರಿ. ಆಮೇಲೆ ಗುಂಯ್ ಎಂದು ಯಂತ್ರದ ಸದ್ದು. ಕೆಲವು ಸಲ ಬಾಗಿಲು ತೆರೆದರೆ ಮೊಣಕಾಲಿನವರೆಗೆ ಇಳಿಬಿದ್ದ ಸೀಸದ ಏಪ್ರನ್, ಕುತ್ತಿಗೆಗೆ ಸೀಸದ ಪಟ್ಟಿ, ಕೈಗೆ ದಪ್ಪ ಗವಸು, ಅಷ್ಟರ ಮೇಲೆ ಅಮ್ಮನ ತಲೆ. ಕಿರಣ ಮೈಗೆ ತಾಗದಿರಲೆಂದು ಆ ವೇಷ. ಇನ್ನು ಕೆಲವು ಸಲ ಅವಳ ಹಿಂದೆ ಗಟ್ಟಿಮುಟ್ಟಾದ ಗಂಡಸರು ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ಬೆಪ್ಪಾಗಿ ಹೊರಗೆ ಬರುತ್ತಿದ್ದರು. ಎಲ್ಲರ ಮೂಳೆ ನೋಡುವ ಅಮ್ಮನಿಗೆ ಜೇಬಿನಲ್ಲಿ ಬಚ್ಚಿಟ್ಟ ಪೆಪ್ಪರಮಿಂಟೂ ಕಾಣುತ್ತದೆ ಎಂದು ನನ್ನ ತಮ್ಮ ಬಹಳ ವರ್ಷ ನಂಬಿದ್ದ. ಈಗಲೂ ನಂಬಿದ್ದಾನೋ ಏನೋ! ಕವಚರಾಯನನ್ನು ನಾವು ಮೊದಲು ಬಿಡಿಸಿದ್ದು ಆ ಬೆಂಚಿನ ಮೇಲೆಯೇ, ಹರಿದ ಎಕ್ಸ್‌ರೇ ಲಕೋಟೆಯ ಬೆನ್ನಿಗೆ.

ದೊಡ್ಡವರಾದರೆ ಯಂತ್ರದ ಮುಂದೆ ತಾವಾಗಿ ನಿಲ್ಲುತ್ತಾರೆ, ಅಮ್ಮ ಗೋಡೆಯ ಮರೆಯಲ್ಲಿ ನಿಂತು ಗುಂಡಿ ಒತ್ತಿದರೆ ಆಯಿತು. ಕೈಕಾಲು ಮುರಿದುಕೊಂಡ ಪುಟ್ಟ ಮಕ್ಕಳು ನಿಲ್ಲುತ್ತವೆಯೇ? ಕಿರುಚಿ ರಂಪ ಮಾಡುತ್ತವೆ. ಅಂಥ ಮಕ್ಕಳನ್ನು ಹಿಡಿದುಕೊಂಡು ತಾನೂ ಒಳಗೇ ನಿಲ್ಲಬೇಕಾದಾಗ ಅಮ್ಮ ಆ ಸೀಸದ ವೇಷ ತೊಡುತ್ತಿದ್ದಳು. ಇದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅಷ್ಟರಲ್ಲಿ ಕವಚರಾಯ ಹುಟ್ಟಿ, ಬೆಳೆದು, ಮೂರು ಪಟ್ಟಣ ಸುಟ್ಟು ಮುಗಿಸಿದ್ದ.

ಅಮ್ಮನಿಗೆ ಇದೊಂದೂ ಗೊತ್ತಿಲ್ಲ ಎಂದೇ ನಾವು ತಿಳಿದಿದ್ದೆವು. ವಾರ ತಪ್ಪದೆ ಓದುತ್ತಾಳೆ, ವಾರ ತಪ್ಪದೆ ಕವಚರಾಯನ ಪಕ್ಷ ವಹಿಸುತ್ತಾಳೆ. ಅವನು ಹೇಳುವುದರಲ್ಲಿ ತಪ್ಪೇನಿದೆ, ಆ ಊರಿನವರಿಗೆ ಒಂದು ಶಿಸ್ತು ಬೇಡವೇ ಎಂದು ನಮ್ಮನ್ನೇ ಕೇಳುತ್ತಾಳೆ. ನಾಯಕ ಗೆದ್ದ ವಾರ ಅವಳ ಮುಖ ಗಂಟು. ನನ್ನ ತಮ್ಮ ಆ ಕವಚಕ್ಕೆ ಹೊಸ ಆಯುಧ ಸೇರಿಸಿದಾಗಲೆಲ್ಲ, ಇಷ್ಟೆಲ್ಲ ಹೊತ್ತುಕೊಂಡು ಪಾಪ ಅವನು ಬಚ್ಚಲಿಗೆ ಹೇಗೆ ಹೋಗುತ್ತಾನೋ ಎಂದು ವಿಚಾರಿಸುತ್ತಾಳೆ. ಅಪಾರ ಕಲ್ಪನಾಶಕ್ತಿಯ ಲೇಖಕರು ಆಗೆಲ್ಲ ಚಹಾ ಕುಡಿಯಲು ಎದ್ದು ಹೋಗುತ್ತಾರೆ.

ಈಗ ನನ್ನ ತಮ್ಮ ಬೇರೆ ಕೆಲಸಕ್ಕೆ ಹೊರಟಿದ್ದಾನೆ. ಮುಂದಿನ ಸಂಚಿಕೆಗೆ ನಮ್ಮ ಚಿತ್ರಕಥೆ ಮುಗಿಯುತ್ತದೆ. ಕೊನೆಯ ಪುಟಕ್ಕೆ ಅವನು ಕೊಟ್ಟದ್ದು, ಯಥಾಪ್ರಕಾರ, ಒಂದೇ ಸಾಲು: ‘ಕವಚರಾಯ ಸಾಯುತ್ತಾನೆ.’ ಸಂಪಾದಕರೇ, ಆ ಪುಟ ಹೋದ ವಾರವೇ ಮುಗಿಯಿತೆಂದು ನಿಮಗೆ ಹೇಳಿದ್ದೆನಲ್ಲವೇ? ಮುಗಿದಿರಲಿಲ್ಲ. ನೀವು ಏಳಬೇಡಿ, ಕೂತುಕೊಳ್ಳಿ, ಪೂರ್ತಿ ಕೇಳಿ. ಮೇಜಿನ ಮುಂದೆ ಕೂತರೆ ಕೈಯೇ ಓಡುತ್ತಿರಲಿಲ್ಲ. ಅಕ್ಕಾ, ಅದು ಅಮ್ಮ ಅಲ್ಲ, ಕಾಗದ ಎಂದು ತಮ್ಮ ಸಮಾಧಾನ ಹೇಳಿದ. ಹಾಗಿದ್ದರೆ ನೀನೇ ಬಿಡಿಸು ಎಂದೆ. ಫೋನ್ ಇಟ್ಟುಬಿಟ್ಟ. ನನಗೆ ನಿಜಕ್ಕೂ ಭಯವಾಗಿತ್ತು. ಅಮ್ಮನಿಗೆ ವಯಸ್ಸಾಗಿದೆ. ಅವಳ ಪ್ರೀತಿಯ ಕವಚರಾಯನನ್ನು, ಅವಳದೇ ಧ್ವನಿಯಲ್ಲಿ ಮಾತಾಡುವವನನ್ನು, ನಾನೇ ಕೊಂದು, ಅಚ್ಚು ಹಾಕಿಸಿ, ಓದಮ್ಮಾ ಎಂದು ಅವಳ ಕೈಗೆ ಹೇಗೆ ಕೊಡಲಿ?

ಇವತ್ತು ಬೆಳಿಗ್ಗೆ ಅಮ್ಮ ನನ್ನ ಕೋಣೆಗೆ ಬಂದಳು. ಮೇಜಿನ ಮೇಲೆ ಖಾಲಿ ಹಾಳೆ, ಪಕ್ಕದಲ್ಲಿ ತಮ್ಮನ ಸಾಲು. ಅದನ್ನು ಓದಿದಳು. ನಾನು ಬ್ರಷ್ ತೊಳೆಯುವವಳಂತೆ ಬೆನ್ನು ತಿರುಗಿಸಿದೆ.

“ಸಾಯಿಸೋದಾದ್ರೆ ಸಾಯಿಸಿ, ನಿಮ್ಮಿಷ್ಟ,” ಎಂದಳು. “ಮೊದ್ಲು ಆ ಕವಚ ಬಿಚ್ಚಿಸು. ಅದರ ಭಾರ ನನಗೆ ಗೊತ್ತು.”

ಯಾವಾಗಿನಿಂದ ಗೊತ್ತಮ್ಮಾ ಎಂದು ಕೇಳಿದೆ.

“ಮೊದಲ್ನೇ ವಾರದಿಂದ. ನನ್ನ ಮಾತು ನನಗೆ ಗೊತ್ತಾಗಲ್ವಾ? ನಿಮ್ಮಿಬ್ಬರನ್ನ ದಿನಾ ಆ ಬೆಂಚಿನ ಮೇಲೆ ಕೂರಿಸಿ ಬಿಟ್ನಲ್ಲ ಅಂತ ಎಷ್ಟೋ ವರ್ಷ ನನ್ನನ್ನೇ ಬೈಕೊಳ್ತಿದ್ದೆ ಕಣೇ. ನೀವು ಅಲ್ಲಿ ಕೂತು ನನ್ನನ್ನೇ ನೋಡ್ತಿದ್ರಿ ಅಂತ ಇದನ್ನ ಓದಿದ್ಮೇಲೆ ಗೊತ್ತಾಯ್ತು.”

ನಾನು ಅತ್ತುಬಿಟ್ಟೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಆಮೇಲೆ, ಎದುರಿಗೆ ಸ್ವಲ್ಪ ಹೊತ್ತು ಕೂತ್ಕೋ, ನೋಡಿ ಬಿಡಿಸ್ತೀನಿ ಎಂದು ಅವಳನ್ನೇ ಬೇಡಿಕೊಂಡೆ. ತಲೆ ಬಾಚಿಕೊಂಡು ಬರುತ್ತೇನೆ ಇರು ಎಂದು ಎದ್ದು ಹೋದಳು. ಖಳನಾಯಕರಿಗೂ ಅಂದಚಂದ ಬೇಡವೇ?

ಪುಟ ಈಗ ಮುಗಿದಿದೆ, ನನ್ನ ಚೀಲದಲ್ಲಿದೆ. ತಮ್ಮಾ, ನೀನೂ ಇದನ್ನು ಈಗಲೇ ಕೇಳುತ್ತಿರುವುದು. ಕವಚರಾಯ ಸಾಯುವುದಿಲ್ಲ. ಕವಚ ಗೋಡೆಯ ಗೂಟಕ್ಕೆ ತೂಗುಬಿದ್ದಿದೆ, ಅದನ್ನು ತೊಟ್ಟವಳು ಭುಜ ಉಜ್ಜಿಕೊಳ್ಳುತ್ತ ಕುರ್ಚಿಯ ಮೇಲೆ ಕೂತಿದ್ದಾಳೆ. ರಾಯ ಎಂದು ಕರೆದು ಹೆಂಗಸನ್ನು ತೋರಿಸಿದಿರಲ್ಲ ಎಂದು ಓದುಗರು ಜಗಳಕ್ಕೆ ಬಂದರೆ ಸಂಪಾದಕರು ನೋಡಿಕೊಳ್ಳಲಿ. ಅವಳ ಬಾಯಿಂದ ಹೊರಟ ಮಾತಿನ ಗುಳ್ಳೆಯನ್ನು ಮಾತ್ರ ಖಾಲಿ ಬಿಟ್ಟಿದ್ದೇನೆ. ತಮ್ಮಾ, ಇಷ್ಟು ವರ್ಷ ನೀನು ಅಮ್ಮನ ಮಾತನ್ನು ಅವಳಿಗೆ ಹೇಳದೆ ಎತ್ತಿಕೊಂಡೆ. ಈ ಕೊನೆಯದನ್ನಾದರೂ ಅವಳನ್ನು ಕೇಳಿ ಬರೆ. ಅಗೋ, ಎರಡನೇ ಸಾಲಿನಲ್ಲಿ ಕೂತಿದ್ದಾಳೆ. ಪಕ್ಕದ ಕುರ್ಚಿಯಲ್ಲಿ ಬ್ಯಾಗ್ ಇಟ್ಟು ನಿನಗೆಂದು ಜಾಗ ಹಿಡಿದಿದ್ದಾಳೆ. ಇಳಿದು ಹೋಗು, ಎಲ್ಲರೂ ಕಾಯುತ್ತೇವೆ.

ಇಷ್ಟು ಹೊತ್ತು ಸಹಿಸಿಕೊಂಡ ನಿಮ್ಮೆಲ್ಲರಿಗೂ, ಇನ್ನೂ ಸ್ವಲ್ಪ ಹೊತ್ತು ಕಾಯಬೇಕಾದ ಮುದ್ರಣಾಲಯದವರಿಗೂ ನನ್ನ ಕೃತಜ್ಞತೆಗಳು. ನಮಸ್ಕಾರ.