ಕುರ್ಚಿ ಮುರಿದ ಅತ್ತೆ

೧೯೭೨ರ ಮಾರ್ಚ್ ೧೪, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಆಸ್ಪತ್ರೆಯ ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ವಿಜ್ಞಾನದ ಮೇಷ್ಟ್ರ ಪಕ್ಕದಲ್ಲೇ ಒಬ್ಬ ವ್ಯಂಗ್ಯಚಿತ್ರಕಾರ ಹೆಂಡತಿಯೊಂದಿಗೆ ಕೂತಿದ್ದ; ಒಳಗೆ ಅವಳ ಅಮ್ಮನ ತಪಾಸಣೆ ನಡೆದಿತ್ತು. ಅವಳ ಕೈಯಲ್ಲಿ ಅವನ ಚಿತ್ರವಿದ್ದ ವಾರಪತ್ರಿಕೆ. ಅದರಲ್ಲಿ ದಢೂತಿ ಅತ್ತೆ ಕೂತ ಕುರ್ಚಿ ಮುರಿದಿತ್ತು, ಅಳಿಯ ನಗುತ್ತಿದ್ದ.

"ತಿಂಗಳಿಂದ ಅಮ್ಮಂದು ಅರೆಹೊಟ್ಟೆ ಊಟ ರೀ. ಇದನ್ನ ನೋಡಿದ್ಮೇಲೆ ಹಾಲೂ ಬೇಡ ಅಂತಿದಾಳೆ."

"ಅದು ನಿಮ್ಮಮ್ಮ ಅಲ್ಲ ಕಣೇ. ಅತ್ತೆ ದಪ್ಪ ಇಲ್ದಿದ್ರೆ ಸಂಪಾದಕರು ಚಿತ್ರ ವಾಪಸ್ ಕಳಿಸ್ತಾರೆ."

"ಕೆನ್ನೆ ಮೇಲಿನ ನರಹುಲಿ ಅವಳದೇ, ದಾರ ಕಟ್ಟಿದ ಕನ್ನಡಕ ಅವಳದೇ. ಇನ್ಯಾರ ಅತ್ತೇರೀ ಇದು?"

"ದಿನಾ ಎದುರಿಗೇ ಕೂತಿರ್ತಾರೆ. ಕೈ ತಾನಾಗೇ ಬರೆದುಬಿಡುತ್ತೆ."

"ಹೋಗಿ ಕಾಲು ಹಿಡೀರಿ ಮತ್ತೆ!"

"ಹಿಡಿದೆ ಮಾರಾಯ್ತಿ. ನಿನ್ನೆ ಅವರನ್ನ ಸಣ್ಣಗೆ, ಚೆನ್ನಾಗಿ ಬರೆದು ತೋರಿಸಿದೆ."

"ಏನಂದ್ಲು?"

"'ಅಳಿಯಂದ್ರೇ, ಇವಳನ್ನ ನೋಡಿ ಯಾರು ನಗ್ತಾರೆ?' ಅಂದ್ರು. ಮುಖ ತಿರುಗಿಸಿ ಮಲಗಿಬಿಟ್ರು."

ಅವಳು ಪತ್ರಿಕೆಯನ್ನು ಮಡಚಿ ಮಡಚಿ ಮುಷ್ಟಿಯೊಳಗೆ ಹಿಸುಕಿದಳು. ಅಷ್ಟರಲ್ಲಿ ನರ್ಸ್ ಬಾಗಿಲು ತೆರೆದು, "ಅಜ್ಜಿ ಕಡೆಯವರು ಬೇಗ ಬನ್ನಿ," ಎಂದಳು. ಇಬ್ಬರೂ ಓಡಿದರು.

ತೆರೆದ ಬಾಗಿಲಿನಾಚೆ, ಅಜ್ಜಿಯನ್ನು ನಿಲ್ಲಿಸಿದ್ದ ತೂಕದ ಯಂತ್ರದ ಮುಳ್ಳು ಮೇಷ್ಟ್ರಿಗೆ ಸ್ಪಷ್ಟವಾಗಿ ಕಂಡಿತು: ಮೂವತ್ತೊಂದೂವರೆ ಕಿಲೋ.