ಕರಿಮೇಕೆಯ ಗಂಟೆ

ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಒಬ್ಬ ಅಜ್ಜಿ ಕೂತಿದ್ದರು. ಜೊತೆಗೆ, ವಿಶೇಷ ಮಕ್ಕಳಿಗೆ ಪಾಠ ಹೇಳುವ ಟ್ರೇನಿಂಗ್ ಮಾಡುತ್ತಿರುವ ಮೊಮ್ಮಗಳು.

“ಏನೇ ದಿವ್ಯಾ, ಕರಿಮೇಕೆ ಕತ್ತಿನ ಗಂಟೆ ಬಿಚ್ಕೊಂಡು ಹೋಗಿದ್ದು ನೀನೇ ತಾನೆ?”

“ಕ್ಲಾಸಿಗೆ ಬೇಕಿತ್ತು ಕಣಜ್ಜಿ.”

“ಎಲ್ಡು ವರ್ಸ ಓದೋದು ಗಂಟೆ ಅಲ್ಲಾಡ್ಸಕ್ಕಾ? ಗಂಟೆ ಸದ್ದಿಲ್ದೆ ಊರಲ್ಲಿ ಮೇಕೆ ಹುಡ್ಕಿ ಹುಡ್ಕಿ ನನ್ನ ಮಂಡಿ ಸವ್ದೋಯ್ತು.”

“ಅಲ್ಲೊಂದು ಮಗು ಐತೆ. ಮೂರು ತಿಂಗ್ಳಿಂದ ಹೆಸ್ರಿಡಿದು ಕೂಗ್ತಿದ್ದೆ, ತಿರುಗೇ ನೋಡ್ತಿರ್ಲಿಲ್ಲ.”

“ಗಂಟೆಗೆ?”

“ಇವತ್ತು ತಿರುಗ್ತು. ನಗ್ತು ಕೂಡ.”

ಅಜ್ಜಿ ಮೊಮ್ಮಗಳ ಕಡೆ ತಿರುಗಿ ಕೂತರು.

“ಅಂಗಾದ್ರೆ ಗಂಟೆ ಅಲ್ಲೇ ಇರ್ಲಿ ಬುಡು.”

“ಮೇಕೆ?”

“ಹೆಸ್ರಿಡಿದು ಕೂಗ್ತೀನಿ. ತಿರುಗ್ದಿದ್ರೆ ನಿನ್ನ ಕ್ಲಾಸಿಗೇ ಸೇರಿಸ್ತೀನಿ, ಟೀಚರಮ್ಮ.”

ಮಿಡಿಗೇಶಿ ಬಸ್ಸು ಬಂತು. ಮಂಡಿ ಸವೆದ ಅಜ್ಜಿಯೇ ಮೊದಲು ಓಡಿ ಸೀಟು ಹಿಡಿದರು.