ಶಿರ್ತಾಡಿಯಲ್ಲಿ ಲಿನಕ್ಸ್

ಮೂಡುಬಿದಿರೆಯಿಂದ ಹೊರಟ ಬಸ್ಸಿನಲ್ಲಿ, ಕುಸುಮ ಟೀಚರ ಮುಂದಿನ ಸೀಟಿನಲ್ಲಿ ಕೂತ ಇಬ್ಬರು ಯುವಕರು ಲೆಕ್ಕ ಹಾಕುತ್ತಿದ್ದರು.

"ಕಂಪ್ಯೂಟರಿಗೆ ವಿಂಡೋಸ್ ಬಿಟ್ಟು ನಿನ್ನ ಲಿನಕ್ಸ್ ಯಾರು ಹಾಕ್ತಾರೆ ಅಸ್ಕರ್? ಪುಕ್ಕಟೆ ಸಿಗ್ತದೆ ಅಂತ ಸಿಡಿ ತಗೊಳ್ತಾರೆ, ಅಷ್ಟೇ."

"ಎಷ್ಟು ಸಿಡಿ ಹಂಚಿದೆ ಅಂತ ನೋಡುವುದಲ್ಲ ಶೋಧನ್. ಯಾರು ತಿರುಗಿ ಕೇಳಿದ್ರು ಅಂತ ನೋಡಬೇಕು."

"ಯಾರು ಕೇಳಿದ್ದು?"

"ಶಿರ್ತಾಡಿ ಶಾಲೆಯ ಒಬ್ಬರು ಟೀಚರ್. ಒಂದು ಕಳಿಸಿದ್ದೆ. ವಾರದಲ್ಲೇ ಫೋನ್ ಮಾಡಿ ಇಪ್ಪತ್ತು ಬೇಕು ಅಂದ್ರು. ಅದನ್ನೂ ಕಳಿಸಿದೆ."

ಕುಸುಮ ಟೀಚರ್ ಮಡಿಲಲ್ಲಿದ್ದ ಕೊಡೆಯನ್ನು ಬಿಗಿಯಾಗಿ ಹಿಡಿದುಕೊಂಡರು.

"ಇಪ್ಪತ್ತಾ! ಬಳಸ್ತಾರಂತಾ?"

"ಕೇಳಿದೆ. ಮಕ್ಕಳಿಗೆ ಭಾರೀ ಖುಷಿ ಉಂಟು ಅಂದ್ರು. ಈ ಸ್ಪೀಡಲ್ಲಿ ಹೋದ್ರೆ ವರ್ಷದೊಳಗೆ ಊರಿಡೀ ಲಿನಕ್ಸ್ ಮಾರಾಯ."

ಖುಷಿಯ ಮಾತು ಸುಳ್ಳಲ್ಲ. ಶಾಲೆಯ ವಾರ್ಷಿಕೋತ್ಸವದ ನವಿಲು ಕುಣಿತಕ್ಕೆ ಕುಸುಮ ಟೀಚರ್ ಆ ಸಿಡಿಗಳನ್ನೇ ಗರಿಯ ಕಣ್ಣುಗಳಾಗಿ ಮಕ್ಕಳ ಬೆನ್ನಿಗೆ ಹೊಲಿದಿದ್ದರು. ಶಾಲೆಯ ಒಂದೇ ಕಂಪ್ಯೂಟರ್ ಬಟ್ಟೆ ಹೊದ್ದುಕೊಂಡು ಮೂಲೆಯಲ್ಲಿತ್ತು.

"ಅಂಗಡಿ ಕೆಲಸ ಬಿಟ್ಟದ್ದು ಇದಕ್ಕಾ?"

"ಹೌದು. ಶಿರ್ತಾಡಿಯಲ್ಲಿ ಕ್ಲಾಸ್ ಶುರು ಮಾಡ್ತೇನೆ. ಇವತ್ತು ರೂಮ್ ನೋಡುವ. ಉದ್ಘಾಟನೆಗೆ ಆ ಟೀಚರನ್ನೇ ಕರೆಯುವ."

ಹೇಳಿಬಿಡೋಣವೆಂದು ಟೀಚರ್ ಮುಂದಕ್ಕೆ ಬಾಗಿದರು. ಮತ್ತೆ ಹಿಂದಕ್ಕೆ ಒರಗಿಕೊಂಡರು.

ಶಿರ್ತಾಡಿಯಲ್ಲಿ ಇಬ್ಬರೂ ನಗುತ್ತಾ ಇಳಿದರು.

"ಟೀಚರೇ, ನಿಮ್ಮ ಸ್ಟಾಪ್ ಬಂತಲ್ಲ," ಎಂದ ಕಂಡಕ್ಟರ್.

"ಇವತ್ತು ಮುಂದಿನದರಲ್ಲಿ ಇಳಿಯುತ್ತೇನೆ," ಎಂದು ಕುಸುಮ ಟೀಚರ್ ಇನ್ನೊಂದು ಟಿಕೆಟಿಗೆ ಚಿಲ್ಲರೆ ಹುಡುಕಿದರು.